ಇಂದಿನ ಧಮ್ಮ ಚಿಂತನೆ: ಚಿಪ್ ಬದಲಾಯಿಸಿದರೆ ಸಾಕೇ?



ಹಿರೀಸಾವೆಯ ನಮ್ಮ ಬಳಗದಲ್ಲಿ ಒಂದು ಹಳೆಯ ಆಂಪ್ಲಿಫೈಯರ್ ಇದೆ. ಏಪ್ರಿಲ್ 14ಕ್ಕೂ ಬುದ್ಧ ಪೂರ್ಣಿಮೆಗೂ ಅದೇ ನಮ್ಮ ದನಿ. ಈ ಸಲ ಜಯಂತಿಗೆ ಇನ್ನು ಒಂದು ವಾರ ಇದೆ ಎನ್ನುವಾಗ ಅದು ಸುಟ್ಟುಹೋಯಿತು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ರಿಪೇರಿ ಅಂಗಡಿ ಇಟ್ಟಿದ್ದಾನೆ. ಪೆಟ್ಟಿಗೆ ಬಿಚ್ಚಿ ನೋಡಿದ. ಒಳಗಿದ್ದದ್ದು ಟಿಡಿಎ 2030 ಎಂಬ ಚಿಪ್. ಅದು ತಡೆದುಕೊಳ್ಳುವುದು ಪ್ಲಸ್-ಮೈನಸ್ 18 ವೋಲ್ಟ್. ನಮ್ಮ 12-0-12 ಟ್ರಾನ್ಸ್‌ಫಾರ್ಮರಿನಿಂದ ಸುಮಾರು 17 ಬರುತ್ತದೆ. ರಾತ್ರಿ ಲೈನಿನಲ್ಲಿ ವೋಲ್ಟೇಜ್ ಏರಿದರೆ 18 ದಾಟುತ್ತದೆ. "ಇದನ್ನೇ ಸುಧಾರಿಸಿದ ಚಿಪ್ ಇದೆ ಸಾರ್, 2030ಎ. 22 ವೋಲ್ಟ್ ತಡೆಯುತ್ತೆ. ಅದೇ ಐದು ಕಾಲು, ಅದೇ ಜಾಗ" ಎಂದ. ಹತ್ತು ನಿಮಿಷದಲ್ಲಿ ಬೆಸುಗೆ ಹಾಕಿ ಕೊಟ್ಟ.

ದನಿ ಚೆನ್ನಾಗಿಯೇ ಬಂತು. ಆದರೆ ಮೈಕ್ ಆಫ್ ಮಾಡಿದ್ದರೂ ಚಿಪ್ಪಿನ ಮೇಲೆ ಕೈ ಇಡಲಾಗದಷ್ಟು ಬಿಸಿ. ಮತ್ತೆ ತೆಗೆದುಕೊಂಡು ಹೋದೆ. ಆಸಿಲೋಸ್ಕೋಪ್ ಹಚ್ಚಿ ತೋರಿಸಿದ: ನಮ್ಮ ಕಿವಿಗೆ ಕೇಳಿಸದಷ್ಟು ಎತ್ತರದ ಕಂಪನದಲ್ಲಿ ಚಿಪ್ ತನ್ನಷ್ಟಕ್ಕೇ ಕೂಗುತ್ತಿತ್ತು.

ಕಾರಣವನ್ನು ಅವನೇ ಪಾಠ ಮಾಡಿದ. ಆಂಪ್ಲಿಫೈಯರಿನಲ್ಲಿ ಹೊರಗೆ ಹೋಗುವ ದನಿಯ ಒಂದು ಸಣ್ಣ ಪಾಲು ಹಿಂದಿರುಗಿ ಬಂದು ಚಿಪ್ಪಿನ ತಪ್ಪನ್ನು ತಿದ್ದುತ್ತಿರುತ್ತದೆ. ಹಾಗೆ ಬಂದದ್ದು ಹೊತ್ತಿಗೆ ಸರಿಯಾಗಿ ಬಂದರೆ ತಿದ್ದುತ್ತದೆ, ತಡವಾಗಿ ಬಂದರೆ ತಪ್ಪನ್ನೇ ಬೆಳೆಸುತ್ತದೆ. ಅದನ್ನು ತಡೆಯಲು ಚಿಪ್ಪಿನ ಕಾಲಿನ ಪಕ್ಕದಲ್ಲೇ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಇರಬೇಕು, ಹೊರದಾರಿಯಲ್ಲಿ 1 ಓಮ್ ರೆಸಿಸ್ಟರೂ 0.22 ಮೈಕ್ರೋಫ್ಯಾರಡ್ ಕೆಪಾಸಿಟರೂ ಜೊತೆಗಿರಬೇಕು. ನಮ್ಮದರಲ್ಲಿ ಮೊದಲನೆಯದನ್ನು ಯಾರೂ ಹಾಕಿಯೇ ಇರಲಿಲ್ಲ. ರೆಸಿಸ್ಟರ್ ಕರಕಲಾಗಿತ್ತು. ಹಳೆಯ ಚಿಪ್ ಹೇಗೋ ಸಹಿಸಿಕೊಂಡಿತ್ತು, ಹೊಸದು ಸಹಿಸಲಿಲ್ಲ. "ಕಾಲು ಹೊಂದಿತು ಅಂದ್ರೆ ಸರ್ಕ್ಯೂಟ್ ಹೊಂದಿತು ಅಂತ ಅಲ್ಲ ಸಾರ್" ಎಂದ.

ಆ ಮಾತು ಮನೆಯವರೆಗೂ ನನ್ನ ಹಿಂದೆಯೇ ಬಂತು.

ಆರು ವರ್ಷದ ಹಿಂದೆ ನಾನು ದೀಕ್ಷೆ ತೆಗೆದುಕೊಂಡೆ. 22 ಪ್ರತಿಜ್ಞೆಗಳನ್ನು ಗಟ್ಟಿಯಾಗಿ ಹೇಳಿದೆ. ಮಾರನೇ ಬೆಳಿಗ್ಗೆ ಗೋಡೆಯ ಪಟಗಳನ್ನೆಲ್ಲ ಇಳಿಸಿದೆ. ಅವ್ವ "ದೀಪ ಒಂದನ್ನ ಬಿಡೋ ಮಗ" ಎಂದಳು. ಅಕ್ಕಪಕ್ಕದವರು ನೋಡುತ್ತಿದ್ದಂತೆಯೇ "ನಿಂಗೇನು ಗೊತ್ತಾಗುತ್ತೆ, ಬಾಯಿ ಮುಚ್ಕೊಂಡಿರು" ಎಂದೆ. ಜಗಲಿಯ ಕೆಳಗೆ ನಿಂತ ನನ್ನ ಅಪ್ಪನಿಗೆ ಊರಿನ ದೊಡ್ಡವರು ಹೇಳುತ್ತಿದ್ದದ್ದು ಇದೇ ಮಾತು, ಇದೇ ದನಿ.

ಅವ್ವ ಮತ್ತೆ ವಾದ ಮಾಡಲಿಲ್ಲ. ರಾಗಿ ಹಸನು ಮಾಡುವಾಗ ಗುನುಗುತ್ತಿದ್ದ ಹಾಡು ಮಾತ್ರ ನಿಂತುಹೋಯಿತು. ಒಪ್ಪಿಕೊಂಡಳು ಅಂದುಕೊಂಡೆ. ಕಿವಿಗೆ ಏನೂ ಕೇಳಿಸುತ್ತಿರಲಿಲ್ಲ. ಕೈ ಇಟ್ಟು ನೋಡಿದ್ದರೆ ಬಿಸಿ ಗೊತ್ತಾಗುತ್ತಿತ್ತು.

ಹಾಗಾದರೆ ಹಳೆಯದರಲ್ಲಿ ಏನನ್ನು ಬಿಡಬೇಕು, ಏನನ್ನು ಇಟ್ಟುಕೊಳ್ಳಬೇಕು? ಚಿಪ್ ಹಾಕಿ ಮಿಕ್ಕಿದ್ದನ್ನು ಮುಟ್ಟದೆ ಬಿಡುವುದು ಒಂದು ದಾರಿ. ಇಡೀ ಪೆಟ್ಟಿಗೆಯನ್ನೇ ತಿಪ್ಪೆಗೆ ಎಸೆಯುವುದು ಇನ್ನೊಂದು. ನನ್ನ ವಿದ್ಯಾರ್ಥಿ ಎರಡನ್ನೂ ಮಾಡಲಿಲ್ಲ. ಟ್ರಾನ್ಸ್‌ಫಾರ್ಮರ್, ಸ್ಪೀಕರ್ ಚೆನ್ನಾಗಿದ್ದವು, ಉಳಿಸಿದ. ಒಂದೊಂದನ್ನೂ ಪರೀಕ್ಷೆ ಮಾಡಿಯೇ ಉಳಿಸಿದ.

ಬಾಬಾಸಾಹೇಬರು ಮಾಡಿದ್ದೂ ಇದನ್ನೇ. 1957ರಲ್ಲಿ ಹೊರಬಂದ 'ಬುದ್ಧ ಮತ್ತು ಆತನ ಧಮ್ಮ'ದ ಪೀಠಿಕೆಯಲ್ಲಿ ಅವರು ಸಿದ್ಧಾರ್ಥನ ಗೃಹತ್ಯಾಗದ ಕಥೆಯನ್ನೇ ಪ್ರಶ್ನಿಸಿದರು, ನಾಲ್ಕು ಆರ್ಯಸತ್ಯಗಳನ್ನೂ ಪ್ರಶ್ನಿಸಿದರು. ಬಂದದ್ದನ್ನು ಬಂದ ಹಾಗೆ ಬೆಸುಗೆ ಹಾಕಲಿಲ್ಲ. 1956ರ ಮೇ ತಿಂಗಳ ಬಿಬಿಸಿ ಭಾಷಣದಲ್ಲಿ ತಮಗೆ ಬೌದ್ಧಧರ್ಮ ಏಕೆ ಇಷ್ಟ ಎನ್ನುವಾಗ ಪ್ರಜ್ಞೆ, ಕರುಣೆ, ಸಮತೆ ಮೂರನ್ನೂ ಒಟ್ಟಿಗೇ ಹೆಸರಿಸಿದರು. ಅವತ್ತು ನಾನು ಪ್ರಜ್ಞೆ ಒಂದನ್ನೇ ತಂದು ಕೂರಿಸಿದ್ದೆ.

"ಮೆತ್ತಗಾದರೆ ಹಳೆಯದು ಹಿತ್ತಿಲ ಬಾಗಿಲಿನಿಂದ ಒಳಗೆ ಬರುತ್ತದೆ" ಎಂದು ಕೆಲವರು ಹೇಳಬಹುದು. ಆ ಭಯ ಸುಳ್ಳಲ್ಲ. ಪಟ ಇಳಿಸಿದ್ದು ತಪ್ಪಲ್ಲ, ಪ್ರತಿಜ್ಞೆಯಲ್ಲಿ ರಾಜಿಯೂ ಇಲ್ಲ. ಆದರೆ ಹಿತ್ತಿಲ ಬಾಗಿಲು ಕಾಯುತ್ತಾ ನಿಂತಿದ್ದ ನನ್ನ ಬಾಯಿಯಿಂದಲೇ ಹಳೆಯದು ಒಳಗೆ ಬಂದಿತ್ತು. ನಾನು ಮೊದಲು ಬದಲಾಯಿಸಬೇಕಾಗಿದ್ದದ್ದು ನನ್ನ ದನಿಯನ್ನು. ಅವ್ವನ ಹಾಡು ಯಾವ ಪ್ರತಿಜ್ಞೆಗೂ ಅಡ್ಡ ಬಂದಿರಲಿಲ್ಲ.

ಮಜ್ಝಿಮ ನಿಕಾಯದಲ್ಲಿ ಭಗವಾನರು ರಾಹುಲನಿಗೆ ಕನ್ನಡಿಯ ಉಪಮೆ ಹೇಳುತ್ತಾರೆ. ಯಾವುದೇ ಕೆಲಸ, ಮಾತು, ಯೋಚನೆ ಇರಲಿ, ಮಾಡುವ ಮುಂಚೆ, ಮಾಡುತ್ತಿರುವಾಗ, ಮಾಡಿದ ಮೇಲೆ ನೋಡಿಕೊಳ್ಳಬೇಕು: ಇದರಿಂದ ನನಗೆ, ಬೇರೆಯವರಿಗೆ ನೋವಾಗುತ್ತದೆಯೇ? ಹೊತ್ತಿಗೆ ಸರಿಯಾಗಿ ಹಿಂದಿರುಗಿ ಬರುವ ತಿದ್ದುಪಡಿ ಎಂದರೆ ಅದೇ. ನನ್ನದು ಆರು ವರ್ಷ ತಡವಾಯಿತು.

ಮೊನ್ನೆ ಅವ್ವನ ಪಕ್ಕ ಕೂತು ಕ್ಷಮೆ ಕೇಳಿದೆ. "ಈಗ ಯಾಕಪ್ಪ ಅದೆಲ್ಲ" ಎಂದಳು. ಹಾಡು ಇನ್ನೂ ಬಂದಿಲ್ಲ. ಕಾಯುತ್ತಿದ್ದೇನೆ.

ಇಂದಿನ ಅಭ್ಯಾಸ: ದೀಕ್ಷೆಯ ನಂತರ ನಮ್ಮ ಮನೆಯಲ್ಲಿ ಯಾರ ದನಿ ಕಡಿಮೆಯಾಗಿದೆ? ಸಂಜೆ ಅವರ ಪಕ್ಕ ಹತ್ತು ನಿಮಿಷ ಕೂರೋಣ. ಹೇಳುವುದಕ್ಕಲ್ಲ, ಕೇಳುವುದಕ್ಕೆ.

ಭವತು ಸಬ್ಬ ಮಂಗಲಂ.
ಜೈ ಭೀಮ್.