ಆಹ್ವಾನವೂ ಸತ್ಯವೂ

ಅಮೆರಿಕದ ಹಡ್ಸನ್ ನದೀತೀರದಲ್ಲಿರುವ ವೆಸ್ಟ್ ಪಾಯಿಂಟ್ ಸೈನಿಕ ವಿದ್ಯಾಲಯವು ೧೮೦೨ರಲ್ಲಿ ಸ್ಥಾಪಿತವಾದುದು. ಅಲ್ಲಿ ಸೇರಬಯಸುವ ತರುಣ ತರುಣಿಯರನ್ನು ಒಂದು ದಿನದ ಮಟ್ಟಿಗೆ ಬರಮಾಡಿಕೊಳ್ಳುವ ಪದ್ಧತಿಯುಂಟು. ಬಂದವರು ಅಲ್ಲಿಯ ವಿದ್ಯಾರ್ಥಿಯೊಬ್ಬನ ಜತೆಯಲ್ಲಿ ಪಾಠಕ್ಕೆ ಹೋಗುವರು. ಅವನ ಪಂಕ್ತಿಯಲ್ಲಿಯೇ ಉಣ್ಣುವರು.

ಕೊಳ್ಳುವವನಿಗೆ ಸರಕನ್ನು ತೋರಿಸುವುದು ವ್ಯಾಪಾರಧರ್ಮ. ಆದರೆ ಇಲ್ಲಿ ಕೇಳುವ ಬೆಲೆ ಹಣವಲ್ಲ. ವಿದ್ಯೆಗೆ ಶುಲ್ಕವೇ ಇಲ್ಲ. ಅದಕ್ಕೆ ಬದಲಾಗಿ ಪದವಿಯ ತರುವಾಯ ಕನಿಷ್ಠ ೫ ವರ್ಷಗಳ ಸೇನಾಸೇವೆ. ಸಮಯ ಬಂದರೆ ಪ್ರಾಣವೂ ಸಹ. ಹದಿನೇಳರ ಹರೆಯದ ಕಣ್ಣಿಗೆ ಸಮವಸ್ತ್ರದ ಹೊಳಪೂ ಕವಾಯತಿನ ಅಂದವೂ ಬೇಗನೆ ಬೀಳುತ್ತವೆ. ಯುದ್ಧದ ಭಾರವು ಒಂದು ದಿನದಲ್ಲಿ ಕಾಣುವಂಥದಲ್ಲ. ಹಾಗಾದರೆ ಈ ಆತಿಥ್ಯವು ವಂಚನೆಯೇ?

ಅಲ್ಲವೆನ್ನಲು ಒಂದು ಆಧಾರವಿದೆ. ಮೂರನೆಯ ವರ್ಷದ ಪಾಠಗಳು ಆರಂಭವಾಗುವವರೆಗೆ ವಿದ್ಯಾರ್ಥಿಯು ಸೇವೆಯ ಋಣವಿಲ್ಲದೆ ಹೊರಟುಹೋಗಬಹುದು. ಒಂದು ದಿನದ ನೋಟವು ಸಾಲದೆಂಬುದನ್ನು ಈ ನಿಯಮವೇ ಒಪ್ಪಿಕೊಂಡಂತಾಯಿತು. ಆದರೂ ಬಾಗಿಲನ್ನು ತೆರೆದಿಟ್ಟಿರುವುದು ಬೇರೆ, ಸತ್ಯವನ್ನು ಮೊದಲೇ ತಿಳಿಸುವುದು ಬೇರೆ. ಊರೆಲ್ಲ ಹೊಗಳಿ ಕಳುಹಿದ ಮೇಲೆ ಮರಳಿ ಬರುವುದಕ್ಕೆ, ಸೇರುವುದಕ್ಕಿಂತಲೂ ಹೆಚ್ಚಿನ ಧೈರ್ಯವು ಬೇಕು.

ಆ ವಿದ್ಯಾಲಯದ ನೆಲದಲ್ಲಿಯೇ ಒಂದು ಸ್ಮಶಾನವುಂಟು. ಅಲ್ಲಿ ಓದಿ, ರಣದಲ್ಲಿ ಮಡಿದ ಅನೇಕರು ಅಲ್ಲಿಯೇ ಮಲಗಿದ್ದಾರೆ. ಅತಿಥಿಯನ್ನು ಭೋಜನಶಾಲೆಗೆ ಕರೆದೊಯ್ದವನು ಅಲ್ಲಿಗೂ ಕರೆದೊಯ್ಯುವುದು ನ್ಯಾಯ. ಅದನ್ನು ಕಂಡ ಬಳಿಕವೂ ಸೇರುವೆನೆಂದರೆ ಅದು ಸಮ್ಮತಿ. ಕಾಣದೆ ಆಡಿದುದು ಬರಿಯ ಉತ್ಸಾಹವೆಂದೇ ತಿಳಿಯಬೇಕು.