ನೆಮ್ಮದಿ ಒಬ್ಬನದೇ?

ಭಕ್ತರೇ, ನೆಮ್ಮದಿ ಬೇಕೆಂದು ತುಮಕೂರಿನಿಂದ ದೇವರಾಯನದುರ್ಗ ಹತ್ತುತ್ತೇವೆ. ಮೇಲೆ ಯೋಗಾನರಸಿಂಹನ ಸನ್ನಿಧಿಯಲ್ಲಿ ಗಾಳಿಗೆ ಮುಖವೊಡ್ಡಿ ಕೂತರೆ ಉಸಿರು ತಾನಾಗಿ ನಿಧಾನವಾಗುತ್ತದೆ, ನಿಜ. ಆದರೆ ಅದು ಎಷ್ಟು ಹೊತ್ತು?

ಅಣ್ಣನೊಡನೆ ಬದುವಿನ ಜಗಳವಾಡಿ, ಮಾತು ಬಿಟ್ಟು, ನಾನೂ ಒಮ್ಮೆ ಒಬ್ಬನೇ ಬಂದಿದ್ದೆ. ಎರಡು ಗಂಟೆ ಕಣ್ಣು ಮುಚ್ಚಿ ಕೂತರೂ ಒಳಗೆ ಅದೇ ಬದು. ದೇವರು ತಾನೇ ಏನು ಮಾಡ್ಯಾನು!

ಈ ಬೆಟ್ಟದಲ್ಲಿ ಹುಟ್ಟುವ ಶಿಂಷಾ ಗುಬ್ಬಿ ತಾಲ್ಲೂಕಿನ ಕಡಬದ ಕೆರೆ ಹಾದು ಕುಣಿಗಲ್ ಕಡೆಯ ಮಾರ್ಕೋನಹಳ್ಳಿ ಜಲಾಶಯ ಸೇರುತ್ತಾಳೆ. ಅಲ್ಲಿ ನಮ್ಮ ಗದ್ದೆಗೂ ಅಣ್ಣನ ಗದ್ದೆಗೂ ಒಂದೇ ಕಾಲುವೆ. ಗಂಗಮ್ಮ ಬದು ನೋಡಿ ಹರಿಯುವವಳಲ್ಲ ಅಂತ ಆಗ ಹೊಳೆಯಿತು.

ಇಳಿದು ಬಂದು ಭೋಗಾನರಸಿಂಹನಿಗೆ ಕಾಯಿ ಒಡೆಸಿ, ಒಂದು ಹೋಳು ಅಣ್ಣನ ಮನೆಗೆ ಕೊಟ್ಟೆ. ಅತ್ತಿಗೆ ಕಾಫಿಗೆ ನೀರಿಟ್ಟರು. ಬದು ಇನ್ನೂ ಇದ್ದಲ್ಲೇ ಇದೆ.