ಉತ್ತರಕ್ಕಾಗಿ ಕಾಯುವವರು

ವಯಸ್ಸಾದವರು ಏಕೆ ಕಲಿಯಬೇಕು? ಕಲಿತು ಅವರಿಗೆ ಆಗಬೇಕಾದುದಾದರೂ ಏನು? ಈ ಪ್ರಶ್ನೆಯನ್ನು ನಾವು ಬಾಯಿಬಿಟ್ಟು ಕೇಳುವುದಿಲ್ಲ. ಆದರೆ ನಮ್ಮ ನಡವಳಿಕೆಯಲ್ಲಿ ಅದು ದಿನವೂ ಇಣುಕುತ್ತದೆ. ಮನೆಯ ಹಿರಿಯರು ಮೊಬೈಲನ್ನು ಕೈಗೆತ್ತಿಕೊಂಡು ತಡವರಿಸಿದರೆ, "ಕೊಡಿ ಇಲ್ಲಿ, ನಾನೇ ಮಾಡಿಕೊಡುತ್ತೇನೆ" ಎಂದು ತೆಗೆದುಕೊಂಡುಬಿಡುತ್ತೇವೆ. ಕೆಲಸವೇನೋ ಬೇಗನೆ ಮುಗಿಯುತ್ತದೆ. ಅವರು ಕಲಿಯುವ ಅವಕಾಶವೂ ಅದರೊಡನೆಯೇ ಮುಗಿಯುತ್ತದೆ.

ಡೆನ್ಮಾರ್ಕಿನಲ್ಲಿ ಗ್ರುಂಟ್ವಿಗ್ (1783–1872) ಎಂಬ ಲೂಥರನ್ ಪಾದ್ರಿಯೊಬ್ಬರಿದ್ದರು. ಅವರು ಅನೇಕ ಭಕ್ತಿಗೀತೆಗಳನ್ನು ರಚಿಸಿದ ಕವಿಯೂ ಹೌದು. ಲ್ಯಾಟಿನ್ ಪಾಠ, ಕಂಠಪಾಠ, ಪರೀಕ್ಷೆ ಇವುಗಳಿಂದ ತುಂಬಿದ್ದ ಅಂದಿನ ಶಾಲೆಗಳಲ್ಲಿ ಜೀವವಿಲ್ಲವೆಂದು ಅವರಿಗೆ ಅನ್ನಿಸಿತ್ತು. ಬಾಲ್ಯ ದಾಟಿದ ರೈತಾಪಿ ಜನರು ಒಂದೆಡೆ ಕೂಡಿ, ತಾಯ್ನುಡಿಯಲ್ಲಿ ಮಾತನಾಡಿ, ಹಾಡಿ, ತಮ್ಮ ಬದುಕನ್ನೇ ಪಾಠವಾಗಿಸಿಕೊಳ್ಳುವ ಶಾಲೆ ಬೇಕೆಂದು ಅವರು ಪ್ರತಿಪಾದಿಸಿದರು. ಅವರ ವಿಚಾರದ ಪ್ರೇರಣೆಯಿಂದ 1844ರಲ್ಲಿ ರೋಡಿಂಗ್ ಎಂಬ ಊರಿನಲ್ಲಿ ಮೊದಲ ಜನತಾ ಪ್ರೌಢಶಾಲೆ ಆರಂಭವಾಯಿತು.

ಆ ಗಾಳಿ ನಮ್ಮ ಕಪಿಲಾ ತೀರಕ್ಕೂ ಬೀಸಿತೆಂಬುದನ್ನು ಇಂದು ನೆನೆಯುವವರು ವಿರಳ. 1940ರ ದಶಕದಲ್ಲಿ ಮೈಸೂರಿನಲ್ಲಿ ವಯಸ್ಕರ ಶಿಕ್ಷಣ ಸಮಿತಿ ಹುಟ್ಟಿಕೊಂಡಿತು. ಅಕ್ಷರ ಕಲಿಸಿದರಷ್ಟೇ ಸಾಲದೆಂದು ಅರಿತ ಆ ಸಮಿತಿ ಡೆನ್ಮಾರ್ಕಿನ ಮಾದರಿಯನ್ನು ಗಮನದಲ್ಲಿರಿಸಿಕೊಂಡು ವಿದ್ಯಾಪೀಠಗಳನ್ನು ತೆರೆಯಿತು. ಅವುಗಳಲ್ಲಿ ಮೊದಮೊದಲಿನದೊಂದು ನಂಜನಗೂಡಿನಲ್ಲಿತ್ತು. ಶಾಲೆಯ ವಯಸ್ಸು ಮೀರಿದ ಹಳ್ಳಿಯ ಯುವಕರು ಅಲ್ಲಿ ತಂಗಿದ್ದು ಬೇಸಾಯ, ಕೈಕಸುಬು, ಸಾಮೂಹಿಕ ಬದುಕಿನ ಪಾಠಗಳನ್ನು ಕಲಿತರು. ಕಲಿಕೆಗೆ ವಯಸ್ಸಿನ ಬೇಲಿಯಿಲ್ಲವೆಂಬ ಮಾತು ನಮ್ಮ ನೆಲಕ್ಕೆ ಹೊಸದೇನಲ್ಲ.

ಮುಂದೆ 2000ದಲ್ಲಿ ಐರೋಪ್ಯ ಒಕ್ಕೂಟ ತನ್ನ ವಯಸ್ಕರ ಶಿಕ್ಷಣ ಯೋಜನೆಗೆ ಇದೇ ಪಾದ್ರಿಯ ಹೆಸರನ್ನಿಟ್ಟಿತು. 2013ರವರೆಗೆ ನಡೆದ ಆ ಯೋಜನೆಯ ನೆರವಿನಿಂದ ಬೇರೆ ಬೇರೆ ದೇಶಗಳ ವಯಸ್ಕ ಕಲಿಕಾರ್ಥಿಗಳ ಗುಂಪುಗಳು ಜೊತೆಗೂಡಿ ಕಲಿತವು. ನಿವೃತ್ತರೂ ವೃದ್ಧರೂ ಅವುಗಳಲ್ಲಿದ್ದರು. ಇಂಥ ಕಲಿಕೆಯ ಕ್ರಮ ಸರಳವಾದುದು. ಎರಡು ಮೂರು ದೇಶಗಳ ಹಿರಿಯರು ಒಂದು ವಿಷಯವನ್ನು ಆರಿಸಿಕೊಳ್ಳುತ್ತಾರೆ: ಬಾಲ್ಯದ ಆಟ, ಊರಿನ ಬಾವಿ, ಮರೆಯಾದ ಕಸುಬು. ಪ್ರತಿಯೊಬ್ಬರೂ ತಮಗೆ ತಿಳಿದುದನ್ನು ಬರೆದು ಇ-ಮೇಲ್ ಮೂಲಕ ಕಳುಹಿಸುತ್ತಾರೆ. ಆಚೆಯವರು ಅದನ್ನು ಓದಿ, ಅರ್ಥವಾಗದುದನ್ನು ಕೇಳುತ್ತಾರೆ. ಆಗ ಈಚೆಯವರು ಮತ್ತೆ ಯೋಚಿಸಿ ಬರೆಯಬೇಕು.

ಈ ಕ್ರಮವನ್ನು ನಂಜನಗೂಡಿನ ಸಮೀಪದ ಕಳಲೆಗೆ ತಂದು ನೋಡೋಣ. ಮೈಸೂರು ಅರಸರ ದಳವಾಯಿಗಳ ಮನೆತನಕ್ಕೆ ಹೆಸರಾದ, ಲಕ್ಷ್ಮೀಕಾಂತಸ್ವಾಮಿ ದೇವಾಲಯವಿರುವ ಊರದು. ಅಲ್ಲಿ ಬಾಳೆ ಬೆಳೆದು ಬಾಳಿದ ಒಬ್ಬ ಅಜ್ಜಿ ಇದ್ದಾರೆಂದು ಭಾವಿಸೋಣ. ದೂರದೇಶದ ಮತ್ತೊಬ್ಬ ವೃದ್ಧೆ ಅವರಿಗೆ, "ನಿಮ್ಮ ಊರಿನ ಹೆಸರಾಂತ ಹಣ್ಣು ಯಾವುದು?" ಎಂದು ಬರೆದರೆ, ಅಜ್ಜಿ ನಂಜನಗೂಡು ರಸಬಾಳೆಯ ಹೆಸರು ಹೇಳಬಹುದು. ಮರುಪ್ರಶ್ನೆ ಬರುತ್ತದೆ: "ಈಗಲೂ ಬೆಳೆಯುತ್ತೀರಾ?" ಇಲ್ಲಿ ಅಜ್ಜಿ ಒಂದು ಕ್ಷಣ ಸುಮ್ಮನಾಗುತ್ತಾರೆ. ಪನಾಮಾ ಸೊರಗು ರೋಗ ತೋಟಗಳನ್ನು ಹೇಗೆ ತಿಂದುಹಾಕಿತು, ಎಲೆ ಹೇಗೆ ಹಳದಿಗಟ್ಟಿ ಜೋತುಬೀಳುತ್ತಿತ್ತು, ರೋಗ ಬಿದ್ದ ಮಣ್ಣಿನಲ್ಲಿ ಅದೇ ಬಾಳೆಯನ್ನು ಮತ್ತೆ ನೆಡುವುದು ಏಕೆ ವ್ಯರ್ಥವಾಯಿತು ಎಂಬುದನ್ನೆಲ್ಲ ಅವರು ನೆನಪಿನಿಂದ ಹೆಕ್ಕಿ ಹೇಳಬೇಕಾಗುತ್ತದೆ. ಪ್ರಶ್ನೆ ಕೇಳಿದವರು ಮಧ್ಯ ಅಮೆರಿಕದವರಾಗಿದ್ದರೆ, ಗ್ರೋ ಮಿಷೆಲ್ ಎಂಬ ತಮ್ಮ ನಾಡಿನ ಬಾಳೆಯನ್ನೂ ಇದೇ ರೋಗ 1960ರ ದಶಕದ ಹೊತ್ತಿಗೆ ತೋಟಗಳಿಂದ ಅಳಿಸಿಹಾಕಿದ ಕಥೆಯನ್ನು ಅವರು ಮರಳಿ ಬರೆದಾರು. ಒಬ್ಬರ ಮುಖ ಒಬ್ಬರು ಕಾಣದ ಇಬ್ಬರು ವೃದ್ಧೆಯರು ಒಂದೇ ದುಃಖದ ಎರಡು ತುದಿಗಳನ್ನು ಹಿಡಿದು ಕುಳಿತಿರುತ್ತಾರೆ.

ಇಲ್ಲಿ ಅಜ್ಜಿ ಕಲಿತದ್ದೇನು? ಯಂತ್ರದ ಗುಂಡಿ ಒತ್ತುವುದು ಅದರಲ್ಲಿ ಅತಿ ಸಣ್ಣ ಪಾಲು. ತಮ್ಮ ಬದುಕಿನಲ್ಲಿ ಇನ್ನೊಬ್ಬರಿಗೆ ಬೇಕಾದುದು ಏನೋ ಇದೆಯೆಂದು ಅವರು ತಿಳಿದರು. ಆ ತಿಳಿವು ಬಂದದ್ದು ಪ್ರಶ್ನೆಯಿಂದ. ಯಾರೋ ಕೇಳಿದರು, ಕೇಳಿ ಉತ್ತರಕ್ಕಾಗಿ ಕಾದರು. ನಾವೂ ಹಿರಿಯರಿಗೆ ದಿನವೂ ಹೂವಿನ ಚಿತ್ರ, ಶುಭೋದಯ, ಹಬ್ಬದ ಹಾರೈಕೆಗಳನ್ನು ಕಳುಹಿಸುತ್ತೇವೆ. ಅವುಗಳಲ್ಲಿ ಪ್ರೀತಿಯಿಲ್ಲವೆಂದಲ್ಲ, ಪ್ರಶ್ನೆಯಿಲ್ಲ. ಪ್ರಶ್ನೆಯಿಲ್ಲದ ಪ್ರೀತಿ ಹಿರಿಯರನ್ನು ಕೇವಲ ಪಡೆಯುವವರನ್ನಾಗಿ ಉಳಿಸಿಬಿಡುತ್ತದೆ. ಕೊಡುವ ಕೈಯನ್ನು ಬಳಸದೆ ಬಿಟ್ಟರೆ ಅದು ಮರಗಟ್ಟುತ್ತದೆ.

ಒಂದು ಆಕ್ಷೇಪವನ್ನು ಇಲ್ಲಿ ಎದುರಿಸಬೇಕು. ಸಮುದ್ರದಾಚೆಯ ಗೆಳತಿಗೆ ಪತ್ರ ಬರೆಯುವವರು ಗೋಡೆಯಾಚೆಯ ನೆರೆಯವರನ್ನು ಮರೆಯುವುದಿಲ್ಲವೇ? ಮರೆಯಬಹುದು. ದೂರದವರನ್ನು ಪ್ರೀತಿಸುವುದು ಸುಲಭ. ಅವರ ಕೆಮ್ಮು ನಮ್ಮ ನಿದ್ದೆ ಕೆಡಿಸುವುದಿಲ್ಲ. ಆದರೆ ಕಳಲೆಯ ಅಜ್ಜಿ ಉತ್ತರ ಬರೆಯಬೇಕಾದರೆ ಪಕ್ಕದ ಮನೆಯ ತಾತನನ್ನು ಕೇಳಬೇಕು: "ಆ ವರ್ಷ ನಿಮ್ಮ ತೋಟಕ್ಕೆ ಏನಾಯಿತು?" ದೂರದ ಪ್ರಶ್ನೆ ಹತ್ತಿರದ ಬಾಗಿಲನ್ನು ತಟ್ಟಿಸಿದರೆ ಆ ಪತ್ರವ್ಯವಹಾರ ಸಾರ್ಥಕ. ತಟ್ಟಿಸದಿದ್ದರೆ ಅದೂ ಒಂದು ಕಾಲಕ್ಷೇಪವಷ್ಟೇ. ಇದನ್ನು ಅಳೆಯಲು ನನಗೆ ತಿಳಿದಿರುವುದು ಈ ಅಳತೆಗೋಲು ಮಾತ್ರ.

ಇನ್ನು ಬರೆಯಲು ಬಾರದವರು, ಕಣ್ಣು ಮಂಜಾದವರು ಏನು ಮಾಡಬೇಕು? ಸಂತ ಪೌಲರು ರೋಮನರಿಗೆ ಬರೆದ ಪತ್ರವನ್ನು ಅವರು ಹೇಳಿದಂತೆ ಬರೆದುಕೊಂಡವನು ತೆರ್ತ್ಯ. ಪತ್ರದ ಕೊನೆಯಲ್ಲಿ ಅವನು ತನ್ನ ಹೆಸರಿನಲ್ಲೊಂದು ವಂದನೆ ಸೇರಿಸಿ ಹಿಂದೆ ಸರಿದುಬಿಡುತ್ತಾನೆ. ಗಲಾತ್ಯರಿಗೆ ಬರೆದ ಪತ್ರದ ಕೊನೆಯಲ್ಲಾದರೋ ಪೌಲರು ತಾವೇ ಲೇಖನಿ ಹಿಡಿದು, ತಮ್ಮ ಕೈಬರಹದ ಅಕ್ಷರಗಳು ಎಷ್ಟು ದೊಡ್ಡವೆಂಬುದನ್ನು ಓದುಗರಿಗೆ ತೋರಿಸುತ್ತಾರೆ. ಹಿರಿಯರಿಗೆ ನೆರವಾಗುವ ಮಕ್ಕಳು ಮೊಮ್ಮಕ್ಕಳಿಗೆ ಇವೆರಡರಲ್ಲೂ ಪಾಠವಿದೆ. ಅಜ್ಜಿ ಹೇಳಿದುದನ್ನು ಹೇಳಿದಂತೆಯೇ ಬರೆಯಿರಿ. ನಿಮಗೆ ಹಳತೆನಿಸಿದ ಮಾತನ್ನು ತಿದ್ದಬೇಡಿ. ಕೊನೆಯ ಸಾಲನ್ನು ಅವರೇ ಬರೆಯಲು ಬಿಡಿ. ಅಕ್ಷರ ದೊಡ್ಡದಾಗಿರಲಿ, ತಡವಾಗಲಿ.

ನಮ್ಮ ಧರ್ಮಕೇಂದ್ರಗಳ ಎಷ್ಟೋ ಕುಟುಂಬಗಳ ಮಕ್ಕಳು ಇಂದು ಪರದೇಶಗಳಲ್ಲಿದ್ದಾರೆ. ಅವರಲ್ಲಿ ಒಂದು ವಿನಂತಿ. ಈ ವಾರ ಊರಿನಲ್ಲಿರುವ ಅಜ್ಜಿಗೋ ತಾತನಿಗೋ ಹಾರೈಕೆಯ ಬದಲು ಒಂದು ಪ್ರಶ್ನೆಯನ್ನು ಕಳುಹಿಸಿರಿ. ಅವರೊಬ್ಬರೇ ಉತ್ತರಿಸಬಲ್ಲ ಪ್ರಶ್ನೆಯಾಗಿರಲಿ. ಉತ್ತರ ಬರಲು ನಾಲ್ಕು ದಿನ ಹಿಡಿಯಬಹುದು. ಕಾಯಿರಿ. ಬಂದ ಮೇಲೆ ಅದನ್ನು ಪೂರ್ತಿಯಾಗಿ ಓದಿ ಇನ್ನೊಂದು ಪ್ರಶ್ನೆ ಕೇಳಿರಿ.